ನೂರಕ್ಕೆ ಮೂರು ಕಡಿಮೆ: ಜಿ.ಆರ್. ವಿಶ್ವನಾಥ್ ಅವರ ಆಟದ ಚರಿತ್ರೆ



ಇತಿಹಾಸ ಬೋಧಿಸಿದವನು ಕ್ರಿಕೆಟ್ಟಿನ ಮಾತೆತ್ತಿದರೆ ನಿಮ್ಮಲ್ಲಿ ಕೆಲವರು ನಗಬಹುದು. ಹೊಯ್ಸಳರ ಇಸವಿಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರು ನಿವೃತ್ತಿಯ ನಂತರ ರನ್ನುಗಳ ಲೆಕ್ಕಕ್ಕೆ ಇಳಿದರೇ ಎನ್ನಬಹುದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡನಾಡಿನ ಜನರು ಯಾರಿಗಾಗಿ ಕೆಲಸ ಬಿಟ್ಟು ರೇಡಿಯೋ ಪಕ್ಕದಲ್ಲಿ ನಿಂತರು, ಯಾರು ಔಟಾದಾಗ ಊಟ ರುಚಿಸದೆ ಎದ್ದರು ಎಂಬುದೂ ಚರಿತ್ರೆಯೇ ಅಲ್ಲವೆ? ಆ ಪ್ರಶ್ನೆಗೆ ನನ್ನ ತಲೆಮಾರಿನವರ ಉತ್ತರ ಒಂದೇ: ಗುಂಡಪ್ಪ ರಂಗನಾಥ ವಿಶ್ವನಾಥ್. ನಮಗೆಲ್ಲ ಅವರು ಬರೀ 'ವಿಶಿ'.

ಅಂಕಿಗಳನ್ನು ಮೊದಲೇ ಹೇಳಿಬಿಡುತ್ತೇನೆ. 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳು, 6,080 ರನ್ನುಗಳು, 14 ಶತಕಗಳು, ಸರಾಸರಿ 41.93. ಇಂದಿನ ಹುಡುಗರು ಇದನ್ನು ನೋಡಿ "ಇಷ್ಟೇನಾ?" ಎನ್ನುತ್ತಾರೆ. ಅವರ ತಪ್ಪೇನೂ ಇಲ್ಲ. ಹತ್ತು ಸಾವಿರ, ಹನ್ನೆರಡು ಸಾವಿರ ರನ್ ಗಳಿಸಿದವರನ್ನು ನೋಡುತ್ತ ಬೆಳೆದವರು ಅವರು. ಆದರೆ ಅಂಕಿಗಳೇ ಮನುಷ್ಯನ ಪೂರ್ತಿ ಲೆಕ್ಕವಲ್ಲ ಎಂಬುದಕ್ಕೆ ವಿಶಿ ಅವರ ಜೀವನಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ವಿಶಿ ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಬೆಳೆದ ಕಬ್ಬಿಣದ ಕಾರ್ಖಾನೆಯ ಊರು ಅದು. ನಮ್ಮ ತರೀಕೆರೆಯ ಕಡೆಯವರಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹೀಗಾಗಿ ಅವರು ಬೆಂಗಳೂರಿನಲ್ಲಿ ಬೆಳೆದು ಆಟ ಕಲಿತರೂ ನಾವು ಅವರನ್ನು ಬೆಂಗಳೂರಿಗೆ ಬಿಟ್ಟುಕೊಡಲು ಎಂದೂ ಒಪ್ಪಲಿಲ್ಲ! ಆಳು ಕುಳ್ಳು, ಎತ್ತರ ಐದೂವರೆ ಅಡಿಯನ್ನೂ ಮುಟ್ಟದು. ಕ್ರಿಕೆಟ್ಟಿನಲ್ಲಿ ಇದು ಸಣ್ಣ ಕೊರತೆಯಲ್ಲ. ಆರಡಿ ಆಳಿನ ಸೊಂಟಕ್ಕೆ ಬರುವ ಚೆಂಡು ಕುಳ್ಳನೆಯವನ ಎದೆಗೆ ಬರುತ್ತದೆ. ವಿಶಿ ಆ ಕೊರತೆಯನ್ನೇ ತಮ್ಮ ವಿದ್ಯೆಯನ್ನಾಗಿ ಮಾಡಿಕೊಂಡರು. ಪುಟಿದೆದ್ದ ಚೆಂಡನ್ನು ಕೊನೆಯ ಕ್ಷಣದವರೆಗೆ ಕಾದು, ಮಣಿಕಟ್ಟನ್ನು ತಿರುಗಿಸಿ, ಪಾಯಿಂಟಿನ ಹಿಂದಕ್ಕೆ ಕಳುಹಿಸುವ ಅವರ ಸ್ಕ್ವೇರ್ ಕಟ್ ಜಗತ್ತಿನ ವೇಗದ ಬೌಲರುಗಳಿಗೆ ತಲೆನೋವಾಯಿತು. ಬೌಲರನು ಎಷ್ಟು ವೇಗವಾಗಿ ಎಸೆದರೆ ಚೆಂಡು ಅಷ್ಟೇ ವೇಗವಾಗಿ ಬೌಂಡರಿಗೆ ಹೋಗುತ್ತಿತ್ತು.

ಆಗ ನಮ್ಮ ರಾಜ್ಯದ ಹೆಸರು ಮೈಸೂರು. 1967-68ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೊದಲ ರಣಜಿ ಪಂದ್ಯವಾಡಿದ ಹದಿನೆಂಟರ ಹುಡುಗ 230 ರನ್ ಹೊಡೆದ. ಎರಡು ವರ್ಷಗಳ ನಂತರ, 1969ರ ನವೆಂಬರಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ! ನಾಯಕ ಪಟೌಡಿಯವರು ಆ ಹುಡುಗನನ್ನು ಹತ್ತಿರ ಕರೆದು ಧೈರ್ಯ ಹೇಳಿದರಂತೆ. ಎರಡನೆಯ ಇನಿಂಗ್ಸಿನಲ್ಲಿ ಬಂದದ್ದು 137. ಶಿಕ್ಷಕ ವೃತ್ತಿಯಲ್ಲಿರುವ ನನ್ನ ಶಿಷ್ಯರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಸೊನ್ನೆ ಪಡೆದ ಮಗುವಿಗೆ ಮರುದಿನ ನಾವು ಏನು ಹೇಳುತ್ತೇವೆ ಎಂಬುದರ ಮೇಲೆ ಎಷ್ಟೋ ಸಲ ಮುಂದಿನದೆಲ್ಲ ನಿಂತಿರುತ್ತದೆ.

ಆ ಶತಕದ ಹಿಂದೆ ಒಂದು ಅಪಶಕುನವೂ ಇತ್ತು. ಅದಕ್ಕೆ ಮೊದಲು ಐವರು ಭಾರತೀಯರು ತಮ್ಮ ಪ್ರಥಮ ಟೆಸ್ಟಿನಲ್ಲೇ ಶತಕ ಹೊಡೆದಿದ್ದರು: ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್. ಐವರಲ್ಲಿ ಒಬ್ಬರಿಗೂ ಎರಡನೆಯ ಶತಕ ಒಲಿಯಲಿಲ್ಲ. ವಿಶಿ ಅವರಿಗೂ ಅದೇ ಗತಿಯೆಂದು ಹೇಳಿದವರಿದ್ದರು. 1973ರ ಆರಂಭದಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ 113 ಗಳಿಸಿ ಅವರು ಆ ಮಾತಿಗೆ ತೆರೆ ಎಳೆದರು. ಆಮೇಲೆ ಇನ್ನೂ ಹನ್ನೆರಡು ಶತಕಗಳು ಬಂದವು.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತಷ್ಟೆ. ಆ ಹೆಸರಿಗೆ ಐದು ತಿಂಗಳು ತುಂಬುವ ಮೊದಲೇ, 1974ರ ಮಾರ್ಚಿನಲ್ಲಿ, ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಇದರ ಮಹತ್ವ ತಿಳಿಯಬೇಕಾದರೆ ಮುಂಬಯಿಯ ಚರಿತ್ರೆ ತಿಳಿದಿರಬೇಕು. 1958-59ರಿಂದ 1972-73ರವರೆಗೆ ಸತತ ಹದಿನೈದು ವರ್ಷ ಆ ಟ್ರೋಫಿ ಮುಂಬಯಿಯ ಕೈಬಿಟ್ಟು ಹೋಗಿರಲಿಲ್ಲ. ಒಂದು ರಾಜವಂಶವೇ ಅದು! ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಆ ವಂಶವನ್ನು ಕೆಳಗಿಳಿಸಿತು. ವಿಶಿ 162, ಬ್ರಿಜೇಶ್ ಪಟೇಲ್ 106. ಫೈನಲ್ಲಿನಲ್ಲಿ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದ್ದು ಆ ಕಥೆಯ ಮುಕ್ತಾಯ. ನಾಲ್ಕು ವರ್ಷದ ನಂತರ, 1977-78ರಲ್ಲಿ, ಕರ್ನಾಟಕ ಮತ್ತೆ ಗೆದ್ದಾಗ ಉತ್ತರ ಪ್ರದೇಶದ ವಿರುದ್ಧದ ಫೈನಲ್ಲಿನಲ್ಲಿ ವಿಶಿ 247 ರನ್ ಗಳಿಸಿದರು.

ಇಷ್ಟೆಲ್ಲ ದೊಡ್ಡ ಮೊತ್ತಗಳಿದ್ದರೂ ಜನರ ನಾಲಿಗೆಯ ಮೇಲೆ ಉಳಿದಿರುವ ಸಂಖ್ಯೆ 97.

1975ರ ಜನವರಿ, ಮದರಾಸಿನ ಚೆಪಾಕ್. ಐದು ಪಂದ್ಯಗಳ ಸರಣಿಯಲ್ಲಿ ವೆಸ್ಟ್ ಇಂಡೀಸ್ ಮೊದಲೆರಡನ್ನು ಗೆದ್ದಿತ್ತು. ಮೂರನೆಯದನ್ನು ಕಲ್ಕತ್ತೆಯಲ್ಲಿ ವಿಶಿ ಅವರ 139ರ ನೆರವಿನಿಂದ ಭಾರತ ಗೆದ್ದುಕೊಂಡಿತ್ತು. ನಾಲ್ಕನೆಯದು ಇದು. ಆಂಡಿ ರಾಬರ್ಟ್ಸ್ ಬೆಂಕಿಯಂತೆ ಎಸೆಯುತ್ತಿದ್ದರು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಬಸ್ ನಿಲ್ದಾಣದ ಬಳಿಯ ಹೋಟೆಲಿನ ಮುಂದೆ ಇಪ್ಪತ್ತು ಮಂದಿಯ ಗುಂಪಿನಲ್ಲಿ ನಿಂತು ಆಕಾಶವಾಣಿಯ ಇಂಗ್ಲಿಷ್ ವಿವರಣೆಯನ್ನು ಕೇಳುತ್ತಿದ್ದೆವು. ಇಂಗ್ಲಿಷ್ ಬಲ್ಲವರೊಬ್ಬರು ಅರ್ಥ ಹೇಳುತ್ತಿದ್ದರು. ಮಿಕ್ಕವರು ಜನರ ಗದ್ದಲದಿಂದಲೇ ಬೌಂಡರಿಯೋ ವಿಕೆಟ್ಟೋ ಎಂದು ತಿಳಿಯುತ್ತಿದ್ದರು. ಒಂದರ ಹಿಂದೆ ಒಂದು ವಿಕೆಟ್ ಉರುಳಿ ಭಾರತ 117ಕ್ಕೆ 8 ಆಯಿತು. ಅಲ್ಲಿಂದ ಮುಂದೆ ವಿಶಿ ಅವರ ಜೊತೆಗಿದ್ದವರು ಬೇಡಿ ಮತ್ತು ಚಂದ್ರಶೇಖರ್.

ಚಂದ್ರ ಅವರ ವಿಷಯವನ್ನು ಇಲ್ಲಿ ಎರಡು ಮಾತು ಹೇಳಬೇಕು. ಪೋಲಿಯೋದಿಂದ ಸೊರಗಿದ ಕೈಯಲ್ಲೇ 242 ಟೆಸ್ಟ್ ವಿಕೆಟ್ ಪಡೆದ ಅದ್ಭುತ ಬೌಲರ್ ಅವರು. ಬ್ಯಾಟಿಂಗಿನಲ್ಲಿ ಮಾತ್ರ 58 ಟೆಸ್ಟುಗಳಲ್ಲಿ ಗಳಿಸಿದ್ದು ಒಟ್ಟು 167 ರನ್. ಪಡೆದ ವಿಕೆಟ್ಟುಗಳಿಗಿಂತ ಹೊಡೆದ ರನ್ನುಗಳೇ ಕಡಿಮೆ! ಅಂಥವರನ್ನು ಇನ್ನೊಂದು ತುದಿಯಲ್ಲಿ ನಿಲ್ಲಿಸಿಕೊಂಡು ವಿಶಿ ಕೊನೆಯ ವಿಕೆಟ್ಟಿಗೆ 21 ರನ್ ಕೂಡಿಸಿದರು. ಅದಕ್ಕೆ ಮೊದಲು ಬೇಡಿಯವರೊಂದಿಗೆ 52. ಕೊನೆಗೆ ರಾಬರ್ಟ್ಸ್ ಚಂದ್ರ ಅವರನ್ನು ಔಟ್ ಮಾಡಿದಾಗ ತಂಡದ ಮೊತ್ತ 190. ವಿಶಿ ಔಟಾಗದೆ 97. ರಾಬರ್ಟ್ಸ್ ಅವರಿಗೆ 64 ರನ್ನಿಗೆ 7 ವಿಕೆಟ್.

ನೂರಕ್ಕೆ ಮೂರು ಕಡಿಮೆ. ಶತಕಗಳ ಪಟ್ಟಿಯಲ್ಲಿ ಈ ಆಟಕ್ಕೆ ಸ್ಥಾನವಿಲ್ಲ. ಆದರೆ ತಂಡದ ಅರ್ಧಕ್ಕಿಂತ ಹೆಚ್ಚು ರನ್ನುಗಳು ಒಬ್ಬರ ಬ್ಯಾಟಿನಿಂದ ಬಂದಿದ್ದವು. ಭಾರತ ಆ ಪಂದ್ಯವನ್ನು ಸರಿಯಾಗಿ 100 ರನ್ನುಗಳಿಂದ ಗೆದ್ದಿತು. ಸರಣಿ 2-2 ಆಯಿತು. ಮುಂಬಯಿಯ ಐದನೆಯ ಪಂದ್ಯವನ್ನು ವೆಸ್ಟ್ ಇಂಡೀಸ್ ಗೆದ್ದು ಸರಣಿಯನ್ನು ಕೊಂಡೊಯ್ದಿತಾದರೂ ಚೆಪಾಕಿನ ಆಟ ಮಾಸಲಿಲ್ಲ. 2001ರಲ್ಲಿ ವಿಸ್ಡನ್ ಸಿದ್ಧಪಡಿಸಿದ ಟೆಸ್ಟ್ ಚರಿತ್ರೆಯ ನೂರು ಶ್ರೇಷ್ಠ ಇನಿಂಗ್ಸುಗಳ ಪಟ್ಟಿಯಲ್ಲಿ ಈ 97ಕ್ಕೂ ಸ್ಥಾನ ದೊರೆಯಿತು. ಅದೇ ಚೆಪಾಕಿನಲ್ಲಿ 1982ರ ಜನವರಿಯಲ್ಲಿ ಇಂಗ್ಲೆಂಡಿನ ವಿರುದ್ಧ ವಿಶಿ 222 ರನ್ ಗಳಿಸಿದರು. ಯಶಪಾಲ್ ಶರ್ಮರೊಂದಿಗೆ ಒಂದು ಇಡೀ ದಿನ ವಿಕೆಟ್ ಬೀಳದಂತೆ ಆಡಿದರು. ಅವರ ಟೆಸ್ಟ್ ಜೀವನದ ಅತಿ ದೊಡ್ಡ ಮೊತ್ತ ಅದು. ಇಂದು ಅದನ್ನು ನೆನೆಯುವವರೆಷ್ಟು, 97ನ್ನು ನೆನೆಯುವವರೆಷ್ಟು?

ಇನ್ನೊಂದು ಆಟ ಕ್ರಿಕೆಟ್ಟಿನ ದಿಕ್ಕನ್ನೇ ಬದಲಿಸಿತು. 1976ರ ಏಪ್ರಿಲ್, ಪೋರ್ಟ್ ಆಫ್ ಸ್ಪೇನ್. ಗೆಲ್ಲಲು ಭಾರತಕ್ಕೆ ಬೇಕಾದದ್ದು 403. ಅಷ್ಟು ಮೊತ್ತವನ್ನು ಬೆನ್ನಟ್ಟಿ ಗೆದ್ದದ್ದು ಅದುವರೆಗೆ ಒಂದೇ ಸಲ. 1948ರಲ್ಲಿ ಲೀಡ್ಸಿನಲ್ಲಿ ಬ್ರಾಡ್ಮನ್ನರ ತಂಡ. ಗಾವಸ್ಕರ್ 102, ಮೊಹಿಂದರ್ 85, ವಿಶಿ 112, ನಮ್ಮ ಬ್ರಿಜೇಶ್ ಔಟಾಗದೆ 49. ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು 406 ಮಾಡಿತು. ಆ ಪಂದ್ಯದಲ್ಲಿ ಮೂವರು ಸ್ಪಿನ್ನರುಗಳನ್ನು ನಂಬಿದ್ದ ಕ್ಲೈವ್ ಲಾಯ್ಡ್ ಮುಂದೆ ವೇಗದ ಬೌಲರುಗಳ ಸೈನ್ಯವನ್ನೇ ಕಟ್ಟಿದರು. ಅದರ ಮೊದಲ ಪೆಟ್ಟು ಬಿದ್ದದ್ದೂ ನಮ್ಮವರಿಗೇ. ಜಮೈಕದ ಮುಂದಿನ ಪಂದ್ಯದಲ್ಲಿ ಹೋಲ್ಡಿಂಗ್ ಅವರ ಎಸೆತಕ್ಕೆ ವಿಶಿ ಅವರ ಬೆರಳು ಮುರಿಯಿತು. ಎರಡನೆಯ ಇನಿಂಗ್ಸಿನಲ್ಲಿ ಗಾಯಗೊಂಡ ಐವರು ಬ್ಯಾಟ್ ಹಿಡಿದು ಇಳಿಯಲೇ ಇಲ್ಲ. ಭಾರತದ ಮೊತ್ತ ಅಲ್ಲಿಗೇ ನಿಂತಿತು, ಅದೂ 97!

ವಿಶಿ ಅವರ ಹದಿನಾಲ್ಕು ಶತಕಗಳ ಪಂದ್ಯಗಳನ್ನು ನಾನೊಮ್ಮೆ ಕೂಡಿಸಿ ನೋಡಿದೆ. ನಾಲ್ಕರಲ್ಲಿ ಭಾರತಕ್ಕೆ ಗೆಲುವು: ಕಲ್ಕತ್ತ, ಪೋರ್ಟ್ ಆಫ್ ಸ್ಪೇನ್, 1979ರ ಮದರಾಸು, 1981ರ ಮೆಲ್ಬರ್ನ್. ಉಳಿದ ಹತ್ತು ಡ್ರಾ. ಸೋತದ್ದು ಒಂದೂ ಇಲ್ಲ. ಮೆಲ್ಬರ್ನಿನ ಮೊದಲ ಇನಿಂಗ್ಸಿನಲ್ಲಿ ತಂಡದ 237ರಲ್ಲಿ ಅವರದೇ 114. ಕೊನೆಯ ಇನಿಂಗ್ಸಿನಲ್ಲಿ ಕಪಿಲ್ ದೇವ್ ಆಸ್ಟ್ರೇಲಿಯವನ್ನು 83ಕ್ಕೆ ಉರುಳಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಬುನಾದಿ ಹಾಕಿದ್ದು ಈ 114.

ಇನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದ ಘಟನೆಗೆ ಬರುತ್ತೇನೆ. 1980ರ ಫೆಬ್ರವರಿ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಒಂದು ಟೆಸ್ಟ್. ಗಾವಸ್ಕರ್ ನಾಯಕತ್ವದಿಂದ ಬದಿಗೆ ಸರಿದಿದ್ದರಿಂದ ಆ ಹೊಣೆ ವಿಶಿ ಅವರದಾಗಿತ್ತು. ಪಂದ್ಯ ಆರಂಭವಾದ ಮರುದಿನ, ಫೆಬ್ರವರಿ 16ರಂದು, ಸಂಪೂರ್ಣ ಸೂರ್ಯಗ್ರಹಣ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಅಂಕೋಲೆ, ಹುಬ್ಬಳ್ಳಿ, ರಾಯಚೂರುಗಳಲ್ಲಿ ಹಾಡುಹಗಲೇ ಕತ್ತಲಾಗಿತ್ತು. ಆ ಕಾರಣಕ್ಕೆ ಪಂದ್ಯದ ವಿಶ್ರಾಂತಿಯ ದಿನವನ್ನೇ ಅಂದಿಗೆ ಇಟ್ಟಿದ್ದರು.

ಗ್ರಹಣ ಬಿಟ್ಟ ಮರುದಿನ ಆಟ ಮುಂದುವರಿಯಿತು. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ 5. ಬೋಥಮ್ ಅವರ ಜೊತೆಗೆ ವಿಕೆಟ್ ಕೀಪರ್ ಬಾಬ್ ಟೇಲರ್ ಆಡುತ್ತಿದ್ದರು. ಕಪಿಲ್ ದೇವ್ ಎಸೆದ ಚೆಂಡು ಕೀಪರ್ ಕೈಸೇರಿತು. ಮನವಿಗೆ ಅಂಪೈರ್ ಬೆರಳೆತ್ತಿದರು. ಟೇಲರ್ ಅವರಿಗೆ ಚೆಂಡು ಬ್ಯಾಟಿಗೆ ತಗುಲಿದಂತೆ ಕಾಣಲಿಲ್ಲ, ನಿಂತಲ್ಲೇ ತಡವರಿಸಿದರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶಿ ಅವರಿಗೂ ಹಾಗೆಯೇ ಕಂಡಿತ್ತು. ಅವರು ಅಂಪೈರ್ ಬಳಿಗೆ ಹೋಗಿ ಮನವಿಯನ್ನು ಹಿಂದಕ್ಕೆ ಪಡೆದರು. ಟೇಲರ್ ಮತ್ತೆ ಆಡಿದರು. ಆರನೆಯ ವಿಕೆಟ್ಟಿಗೆ 171 ರನ್ ಬಂದವು. ಬೋಥಮ್ 114, ಟೇಲರ್ 43. ಇಂಗ್ಲೆಂಡ್ 296. ಭಾರತ ಎರಡನೆಯ ಸಲ 149ಕ್ಕೆ ಮುಗಿಯಿತು. ಬೋಥಮ್ ಅವರಿಗೆ ಪಂದ್ಯದಲ್ಲಿ 13 ವಿಕೆಟ್. ಟೇಲರ್ ಅವರಿಗೆ ಹತ್ತು ಕ್ಯಾಚ್. ಇಂಗ್ಲೆಂಡ್ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ವಿಶಿ ಟೆಸ್ಟ್ ನಾಯಕರಾಗಿದ್ದದ್ದು ಎರಡೇ ಪಂದ್ಯಗಳಿಗೆ. ಅದರ ಮೊದಲಿನದು ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ, ಡ್ರಾ. ಈ ಸೋಲೇ ಕೊನೆಯದು.

ಇದನ್ನು ಕೇಳಿದಾಗಲೆಲ್ಲ ತರಗತಿ ಚಪ್ಪಾಳೆ ತಟ್ಟುತ್ತಿತ್ತು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಆದರೆ ಸಾರ್, ಮ್ಯಾಚ್ ಸೋತ್ವಲ್ಲ? ಅದು ಅವರೊಬ್ಬರ ಮ್ಯಾಚಾ?" ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ; ಅದು ಆ ವರ್ಷ ನನಗೆ ಬಂದ ಅತ್ಯುತ್ತಮ ಪ್ರಶ್ನೆ. ಅಂದು ಎರಡು ಗುಂಪು ಮಾಡಿ ಚರ್ಚೆಗೆ ಬಿಟ್ಟೆ, ಗಂಟೆ ಹೊಡೆಯಿತು. ಆ ಹುಡುಗ ಇದನ್ನು ಓದುತ್ತಿದ್ದರೆ ನನ್ನ ಉತ್ತರ ಇಲ್ಲಿದೆ.

ಮೊದಲನೆಯದಾಗಿ, ವಿಶಿ ನಿಯಮವನ್ನು ಮೀರಲಿಲ್ಲ. ಅಂಪೈರರ ಒಪ್ಪಿಗೆಯಿಂದ ಮನವಿಯನ್ನು ಹಿಂದಕ್ಕೆ ಪಡೆಯಲು ಕ್ಷೇತ್ರರಕ್ಷಣೆಯ ನಾಯಕನಿಗೆ ಕ್ರಿಕೆಟ್ಟಿನ ನಿಯಮವೇ ಅವಕಾಶ ಕೊಟ್ಟಿದೆ. ಎರಡನೆಯದಾಗಿ, ಅದನ್ನು ದಾನವೆಂದೋ ಔದಾರ್ಯವೆಂದೋ ಕರೆಯುವುದು ಅಷ್ಟು ಸರಿಯಲ್ಲ. ನಮ್ಮದಲ್ಲದ ವಸ್ತುವನ್ನು ಹಿಂದಿರುಗಿಸಿದರೆ ಅದು ದಾನವೆ? ಅಂಗಡಿಯವನು ಹೆಚ್ಚಾಗಿ ಕೊಟ್ಟ ಚಿಲ್ಲರೆಯನ್ನು ಮರಳಿ ಕೊಟ್ಟ ಹಾಗೆ ಅದು. ತನ್ನ ಕಣ್ಣೆದುರು ನಡೆದದ್ದನ್ನು ಕಂಡವನು ಕಂಡದ್ದನ್ನು ಹೇಳಿದ. ತಂಡದ ನಾಯಕನಿಗೆ ತಂಡದ್ದನ್ನು ದಾನ ಮಾಡುವ ಹಕ್ಕು ಇಲ್ಲವೆಂದು ನೀನು ವಾದಿಸಿದರೆ ಒಪ್ಪುತ್ತೇನೆ. ಆದರೆ ತಂಡದ್ದಲ್ಲದ ವಿಕೆಟ್ಟನ್ನು ತಂಡಕ್ಕೆಂದು ಇಟ್ಟುಕೊಳ್ಳುವ ಹಕ್ಕೂ ಅವನಿಗಿಲ್ಲ.

ಮೂರನೆಯದು ಕಷ್ಟದ ಮಾತು. ಬೆಲೆ ತೆತ್ತದ್ದು ನಿಜ. 149ಕ್ಕೆ ಔಟಾದದ್ದು ಟೇಲರ್ ಅವರಿಂದಲ್ಲ ಎಂದು ಹೇಳಿ ಆ ಬೆಲೆಯನ್ನು ಕಡಿಮೆ ಮಾಡಲು ನಾನು ಹೋಗುವುದಿಲ್ಲ. ಆ 171 ಬಾರದಿದ್ದರೆ ಪಂದ್ಯ ಬೇರೆ ದಾರಿ ಹಿಡಿಯುತ್ತಿತ್ತೇನೋ. ಆದರೆ ನಷ್ಟವಾಗದಿದ್ದಾಗ ಸತ್ಯ ಹೇಳುವುದು ಎಲ್ಲರಿಗೂ ಸುಲಭ. ನಷ್ಟವಾಗಬಹುದೆಂದು ತಿಳಿದೂ ಹೇಳಿದ್ದರಿಂದಲೇ ಇಷ್ಟು ವರ್ಷದ ನಂತರವೂ ಆ ಪಂದ್ಯದ ಮಾತು ಬಂದಾಗ ಬೋಥಮ್ ಅವರ ಜೊತೆಗೆ ಸೋತ ನಾಯಕನ ಹೆಸರೂ ಬರುತ್ತದೆ. ಚರಿತ್ರೆಯಲ್ಲಿ ಸೋತ ನಾಯಕನಿಗೆ ಈ ಭಾಗ್ಯ ಅಪರೂಪ.

ಗಾವಸ್ಕರ್ ಅವರೊಂದಿಗಿನ ಹೋಲಿಕೆ ವಿಶಿ ಅವರನ್ನು ಬಿಟ್ಟದ್ದಿಲ್ಲ. ಇಬ್ಬರೂ 1949ರಲ್ಲಿ ಹುಟ್ಟಿದವರು. ಒಬ್ಬರದು 10,122 ರನ್, 34 ಶತಕ. ಇನ್ನೊಬ್ಬರದು 6,080, 14. ನಾವು ಹೋಟೆಲುಗಳಲ್ಲಿ ಕುಳಿತು ಯಾರು ದೊಡ್ಡವರೆಂದು ಜಗಳವಾಡುತ್ತಿದ್ದೆವು; ಅವರಿಬ್ಬರು ಬಂಧುಗಳಾದರು! ಗಾವಸ್ಕರ್ ಅವರ ಸಹೋದರಿಯನ್ನು ವಿಶಿ ವರಿಸಿದರು. ಗಾವಸ್ಕರ್ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಜೈಸಿಂಹ, ವಿಶ್ವನಾಥ್, ಮೂವರೂ ಆ ಒಂದು ಹೆಸರಿನಲ್ಲಿದ್ದಾರೆ. ಅಂಕಿಗಳಲ್ಲಿ ಮುಂದಿದ್ದವರೇ ಹೀಗೆ ತಲೆಬಾಗಿದ ಮೇಲೆ ನಮ್ಮ ಜಗಳಕ್ಕೇನು ಅರ್ಥ?

1971ರಿಂದ ಒಂದೂ ಟೆಸ್ಟ್ ತಪ್ಪಿಸದೆ ಸತತ 87 ಪಂದ್ಯಗಳನ್ನಾಡಿದ ವಿಶಿ 1982-83ರ ಪಾಕಿಸ್ತಾನ ಪ್ರವಾಸದಲ್ಲಿ ಮಂಕಾದರು. 1983ರ ಆರಂಭದಲ್ಲಿ ಕರಾಚಿಯಲ್ಲಿ ಆಡಿದ್ದೇ ಕೊನೆಯ ಟೆಸ್ಟ್. ಆ ಜೂನ್ ತಿಂಗಳಲ್ಲಿ ಭಾರತ ವಿಶ್ವಕಪ್ ಗೆದ್ದಾಗ ನಮ್ಮ ಕಿರ್ಮಾನಿ, ಬಿನ್ನಿ ತಂಡದಲ್ಲಿದ್ದರು. 1975 ಮತ್ತು 1979ರ ವಿಶ್ವಕಪ್ಪುಗಳಲ್ಲಿ ಆಡಿದ್ದ ವಿಶಿ ಇರಲಿಲ್ಲ. ಆ ಸಂಭ್ರಮದ ನಡುವೆಯೂ ನಮಗೆ ಒಳಗೊಳಗೇ ಒಂದು ಕೊರತೆ ಕಾಡಿತು. ಅವರು ಮಾತ್ರ ಸಿಡುಕಲಿಲ್ಲ. ಕರ್ನಾಟಕಕ್ಕಾಗಿ ಆಡುತ್ತ ಹೋದರು. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. 1999ರಿಂದ 2004ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಕೆಲಸ ಮಾಡಿದರು. ಮೈದಾನದಲ್ಲಿ ನ್ಯಾಯವನ್ನು ಕಾಯುವ ಕೆಲಸ ಅದಕ್ಕೆ ತಕ್ಕವರಿಗೇ ಸಿಕ್ಕಿತು ಎಂದು ನಾನು ಸಂತೋಷಪಟ್ಟೆ. 2022ರಲ್ಲಿ ಅವರ ಆತ್ಮಕಥೆಯೂ ಹೊರಬಂದಿತು.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಯರು. ಕೆಲವರು ಅಜ್ಜಅಜ್ಜಿಯರಾಗುವ ವಯಸ್ಸಿನವರು. ಮಕ್ಕಳು ಅಂಕಪಟ್ಟಿ ತಂದಾಗ ತೊಂಬತ್ತೇಳನ್ನು ನೋಡಿ "ಉಳಿದ ಮೂರು ಎಲ್ಲಿ ಹೋಯಿತು?" ಎಂದು ಕೇಳುವ ಮನೆಗಳು ಹೆಚ್ಚಾಗಿವೆ. ಕೇಳುವ ಮೊದಲು ಚೆಪಾಕಿನ ಆ ಮೂರು ರನ್ನುಗಳನ್ನು ಒಮ್ಮೆ ನೆನೆಯಿರಿ. ಅವು ಬಾರದೆ ಹೋದದ್ದರಿಂದ ವಿಶಿ ಅವರ ಶತಕಗಳ ಲೆಕ್ಕ ಹದಿನಾಲ್ಕಕ್ಕೆ ನಿಂತಿತು, ಅಷ್ಟೆ. ಬೇರೇನೂ ಕಡಿಮೆಯಾಗಲಿಲ್ಲ.